ಒಂದೇ ಎತ್ತರದ ನೆಲುವುಗಳು

ಸುಣ್ಣ ಸುಡುವವರ ಒಂದು ಊರಿತ್ತು. ಆ ಊರಿನಲ್ಲಿ ದೇವರ ಕೋಣೆ ಇಲ್ಲದ ಮನೆಗಳಿದ್ದವು, ಜಗಲಿಯ ಮೇಲೇ ಒಲೆ ಹೂಡಿಕೊಂಡ ಮನೆಗಳೂ ಇದ್ದವು. ಆದರೆ ನೆಲುವಿನ ಕೋಣೆ ಇಲ್ಲದ ಮನೆ ಒಂದೂ ಇರಲಿಲ್ಲ. ಬೇರೆ ಊರುಗಳಲ್ಲಿ ಬೆಕ್ಕಿಗೂ ಮಕ್ಕಳಿಗೂ ಸಿಗದಿರಲಿ ಎಂದು ಹಾಲು ಬೆಣ್ಣೆಯನ್ನು ನೆಲುವಿಗೆ ಏರಿಸುತ್ತಾರಲ್ಲ, ಹಾಗೆ ಈ ಊರಿನವರು ನೆಲುವಿನಲ್ಲಿ ಕಥೆಗಳನ್ನು ಇಟ್ಟಿದ್ದರು. ತೊಲೆಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ಹೆಣೆದ ಬಲೆ, ಬಲೆಯೊಳಗೆ ಬೊಗಸೆ ತುಂಬುವಷ್ಟು ದೊಡ್ಡದಾದ ಒಂದು ಮಣ್ಣಿನ ಕುಡಿಕೆ. ಮುಚ್ಚಳ ತೆಗೆದರೆ ಒಳಗಿದ್ದದ್ದು ಅನ್ನದ ಹಬೆಯ ಹಾಗೆ ಎದ್ದು ಕೋಣೆ ತುಂಬುತ್ತಿತ್ತು. ಆ ಹಬೆಯಲ್ಲಿ ಜನ ನಡೆಯುತ್ತಿದ್ದರು, ಹಾಡುತ್ತಿದ್ದರು, ಹೊಡೆದಾಡುತ್ತಿದ್ದರು, ಸಾಯುತ್ತಿದ್ದರು. ಎಲ್ಲ ಮುಗಿದ ಮೇಲೆ ಹಬೆ ತಾನಾಗಿ ಇಳಿದು ಕುಡಿಕೆ ಸೇರುತ್ತಿತ್ತು.

ಕೆಲವು ಕುಡಿಕೆಗಳನ್ನು ಸಂತೆಯಿಂದ ತರುತ್ತಿದ್ದರು. ಅಳಿಲಿನ ಮದುವೆ, ಕುಂಟ ಕುದುರೆಯ ಸವಾರಿ, ಸೋರೆಬುರುಡೆಯೊಳಗಿನ ರಾಜ, ಇಂಥವು. ಇನ್ನು ಕೆಲವು ಮನೆಯಲ್ಲೇ ಆದವು. ಮನೆಯಲ್ಲಿ ನಡೆದದ್ದನ್ನು ಮರೆಯಬಾರದು ಅನ್ನಿಸಿದರೆ, ಅಥವಾ ದಿನವೂ ನೆನೆದುಕೊಂಡು ಬದುಕಲಾರೆ ಅನ್ನಿಸಿದರೆ, ಖಾಲಿ ಕುಡಿಕೆಯೊಳಗೆ ಉಸಿರು ಊದಿ ಮುಚ್ಚಳ ಹಾಕುತ್ತಿದ್ದರು. ಎಲ್ಲ ಕುಡಿಕೆಗಳೂ ಒಂದೇ ಮಣ್ಣು, ಒಂದೇ ಗಾತ್ರ, ಒಂದೇ ಬಣ್ಣ. ಕುಡಿಕೆಯ ಮೇಲೆ ಗುರುತು ಹಾಕಬಾರದೆಂದು ಹಿರಿಯರು ಹೇಳಿದ್ದರು. ಎತ್ತರವೇ ಅದರ ಹೆಸರು.

ಊರಿನ ಕಟ್ಟಳೆ ಒಂದೇ. ಪಾದವನ್ನು ಪೂರ್ತಿ ನೆಲಕ್ಕೂರಿ ನಿಂತು ಕೈ ಎತ್ತಿದಾಗ ಮಗುವಿಗೆ ಯಾವ ಕುಡಿಕೆ ಎಟುಕುತ್ತದೋ ಅದನ್ನು ಅದು ನೋಡಬಹುದು, ಎಟುಕದ್ದನ್ನು ನೋಡಬಾರದು. ‘ಕೈಗೆ ಎಟುಕಿದ್ದು ಕಣ್ಣಿಗೆ ದಕ್ಕೀತು’ ಎಂದು ತೊಟ್ಟಿಲು ತೂಗುವಾಗಲೇ ಹೇಳುತ್ತಿದ್ದರು. ಎಟುಕದ್ದನ್ನು ನೋಡಿದರೆ ಏನಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆ ಹಬೆ ಕುಡಿಕೆಗೆ ಮರಳುವುದಿಲ್ಲ. ಅದು ಮಗುವಿನ ಬೆನ್ನು ಬೀಳುತ್ತದೆ. ಮಗು ನಡೆದರೆ ಹಿಂದೆ ನಡೆಯುತ್ತದೆ, ಮಗು ಕೂತರೆ ಹಿಂದೆ ಕೂರುತ್ತದೆ, ಬೇರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಮಗುವಿನ ಬೆನ್ನು ಮಾತ್ರ ತಣ್ಣಗಾಗುತ್ತದೆ.

ಅದಕ್ಕಾಗಿ ವರ್ಷಕ್ಕೊಮ್ಮೆ ಅಳತೆಯವಳು ಬರುತ್ತಿದ್ದಳು. ಅವಳ ಕೈಯಲ್ಲಿ ನೀಲಿ ದಾರ, ಸೊಂಟಕ್ಕೆ ಸಿಕ್ಕಿಸಿದ ಬಿಳಿ ಬಟ್ಟೆಯ ಪಟ್ಟಿ. ಪ್ರತಿ ಬಾಗಿಲಲ್ಲೂ ಅದೇ ಮಾತು, ಅದೇ ಧ್ವನಿ.

“ಮನೇಲಿ ಮಕ್ಕಳಿದ್ದಾರಾ? ಅಳೀಬೇಕು.”

ಮಗುವನ್ನು ನಿಲ್ಲಿಸಿ, ಕೈ ಎತ್ತು ಅನ್ನುತ್ತಿದ್ದಳು. ಹಿಮ್ಮಡಿಯಿಂದ ನಡುಬೆರಳಿನ ತುದಿಯವರೆಗೆ ದಾರ ಹಿಡಿಯುತ್ತಿದ್ದಳು. ನೆಲುವುಗಳ ಹಗ್ಗವನ್ನು ಅದಕ್ಕೆ ಸರಿಹೊಂದಿಸಿ ಬಿಗಿಯುತ್ತಿದ್ದಳು. ಆಮೇಲೆ ಮಗುವಿನ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದಳು. ಬೆನ್ನು ಬೆಚ್ಚಗಿದ್ದರೆ ಮುಂದಿನ ಮನೆ. ತಣ್ಣಗಿದ್ದರೆ ಸೊಂಟದ ಪಟ್ಟಿ ತೆಗೆದು ಮಗುವಿನ ಕಣ್ಣು ಕಟ್ಟಿ, ಸುಣ್ಣದ ಗೂಡುಗಳ ಆಚೆಗಿನ ಮರೆವಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಬೆನ್ನು ಬಿದ್ದದ್ದು ಮರೆತುಹೋಗುವ ತನಕ ಕಣ್ಣಿನ ಕಟ್ಟು ಬಿಚ್ಚುತ್ತಿರಲಿಲ್ಲ. ಅದು ಮರೆಯುವ ಹೊತ್ತಿಗೆ ಮಗು ಉಳಿದದ್ದೆಲ್ಲವನ್ನೂ ಮರೆತಿರುತ್ತಿತ್ತು.

ಅಳತೆಯವಳನ್ನು ಅಕ್ಕ ಎಂದೋ ಅತ್ತೆ ಎಂದೋ ಕರೆಯುವಂತಿರಲಿಲ್ಲ. “ಬನ್ನಿ ಅಳತೆಯವರೇ” ಅನ್ನಬೇಕಿತ್ತು, ಅಷ್ಟೇ. ಅವಳೂ ಎಂದೋ ಮರೆವಿನ ಮನೆಯಲ್ಲಿದ್ದು ಬಂದವಳಂತೆ, ಅವಳಿಗೆ ತನ್ನ ಮನೆ ಯಾವುದೆಂದು ತಿಳಿಯದಂತೆ, ಅಂಥವರ ಕೈಗೇ ಊರು ದಾರ ಕೊಡುವುದಂತೆ. ಯಾರ ಮುಖದ ಹಂಗೂ ಇಲ್ಲದವರು ಅಳತೆಯಲ್ಲಿ ತಪ್ಪುವುದಿಲ್ಲವಲ್ಲ. ಅಳತೆಯವಳನ್ನು ಮಾತ್ರ ಯಾರೂ ಅಳೆಯುತ್ತಿರಲಿಲ್ಲ.

ಆ ಊರಿನ ಒಂದು ಮನೆಯಲ್ಲಿ ಒಬ್ಬ ತಾಯಿಯೂ ಅವಳ ಮಗಳೂ ಇದ್ದರು. ತಾಯಿಯ ತಾಯಿ, ಮುಪ್ಪಿನ ಅಜ್ಜಿ, ಒಲೆಯ ಪಕ್ಕದಲ್ಲಿ ಕೂತಿರುತ್ತಿದ್ದಳು. ತಂದೆ ಸುಣ್ಣದ ಗೂಡಿನಲ್ಲಿ ಬೆಂಕಿ ಕಾಯುವವನು, ಮನೆಗೆ ಬಂದಾಗಲೂ ಅವನ ಕಣ್ಣು ಕೆಂಪಗೇ ಇರುತ್ತಿತ್ತು. ಮಗಳಿಗೆ ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ.

ತಾಯಿಗೆ ಹೆದರಿಕೆ ಹೆಚ್ಚು. ಅದನ್ನು ತಪ್ಪು ಅನ್ನಲಾರೆ, ಹೆದರದ ತಾಯಿಯನ್ನು ನಾನಂತೂ ಕಂಡಿಲ್ಲ. ಮಗಳು ನೆಲುವಿನ ಕೋಣೆಗೆ ಹೋದಾಗಲೆಲ್ಲ ಅವಳ ಕಿವಿ ಅಲ್ಲೇ ಇರುತ್ತಿತ್ತು. ಆದರೆ ಕಿವಿ ಅಲ್ಲಿದ್ದರೂ ಕೈ ಕೆಲಸದಲ್ಲಿರುತ್ತಿತ್ತು. ಊರಿನಲ್ಲಿ ಗೂಡುಗಳು ಹೆಚ್ಚಾಗಿದ್ದವು, ಮನೆಮನೆಯ ಹೆಂಗಸರಿಗೂ ಸುಣ್ಣದ ಕಲ್ಲು ಒಡೆಯುವ ಕೆಲಸವಿತ್ತು. ಹಿಂದೆ ಹಿರಿಯರು ಮಕ್ಕಳ ಜೊತೆ ಕೂತು ಕುಡಿಕೆ ತೆರೆಯುತ್ತಿದ್ದರೆಂದು ಅಜ್ಜಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ಎಟುಕಿದ್ದನ್ನು ನೋಡುತ್ತದೆ, ಅದಕ್ಕೆ ಕಾವಲು ಯಾಕೆ? ಮಕ್ಕಳು ನೆಲುವಿನ ಕೋಣೆಯಲ್ಲಿದ್ದರೆ ಮನೆ ತಣ್ಣಗಿರುತ್ತದೆ ಎಂದು ಊರಿನವರಿಗೆ ಒಳಗೊಳಗೇ ಖುಷಿಯೂ ಇತ್ತು.

ಆ ಮನೆಯ ನೆಲುವಿನ ಕೋಣೆಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಕುಡಿಕೆ ಒಂಟಿಯಾಗಿ ತೂಗುತ್ತಿತ್ತು. ತಾಯಿ ಚಿಕ್ಕವಳಿದ್ದಾಗ ಅದರಲ್ಲೇನಿದೆ ಎಂದು ಕೇಳಿದ್ದಳು. “ಅದು ನಿಂದಲ್ಲ,” ಎಂದಿದ್ದಳು ಅಜ್ಜಿ, ಅಷ್ಟು ಹೇಳಿ ಒಲೆಯ ಕಡೆ ತಿರುಗಿದ್ದಳು. ಬೆಳೆದು ಅದು ಕೈಗೆ ಎಟುಕಿದ ದಿನ ತಾಯಿ ಕೈ ಎತ್ತಿದ್ದಳು, ಬಲೆಯನ್ನು ಮುಟ್ಟಿದ್ದಳು, ಮುಟ್ಟಿದ ಕೈಯನ್ನು ಹಾಗೇ ಇಳಿಸಿದ್ದಳು. ಆಮೇಲೆ ಅದರ ಕೆಳಗೆ ನಿಲ್ಲುವುದನ್ನೇ ಬಿಟ್ಟಳು.

ಇನ್ನೂ ಒಂದು ಸಂಗತಿ ಇತ್ತು. ಅಳತೆಯವಳು ಬರುವ ದಿನ ಅಜ್ಜಿ ಹಿತ್ತಲಿಗೆ ಹೋಗಿ ಕೂತುಬಿಡುತ್ತಿದ್ದಳು. ಅವಳು ಹೋದಳೋ ಇಲ್ಲವೋ ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದಳು. ಮುದುಕಿಗೂ ತನ್ನ ಹಾಗೆ ಹೆದರಿಕೆ ಎಂದು ತಾಯಿ ತಿಳಿದಿದ್ದಳು.

ಹೀಗಿರುವಾಗ ಪಕ್ಕದ ಮನೆಯ ಹುಡುಗಿ ಮರೆವಿನ ಮನೆಯಿಂದ ಮರಳಿದಳು. ಹೋಗುವಾಗ ಕೂಗಿಕೊಂಡು ಹೋದವಳು ಬರುವಾಗ ಸದ್ದಿಲ್ಲದೆ ಬಂದಳು. ಅವಳ ತಾಯಿ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಹುಡುಗಿ ಆರತಿಯನ್ನು ನೋಡಿದಳು, ಹಿಡಿದವಳನ್ನು ನೋಡಿದಳು, ಮರ್ಯಾದೆಯಿಂದ ಕೈ ಮುಗಿದಳು.

“ತಾಯೀ, ಒಂದು ಲೋಟ ನೀರು ಸಿಗುತ್ತಾ? ಬಿಸಿಲಲ್ಲಿ ನಡೆದು ಬಂದೆ.”

ಹೆತ್ತವಳ ಕೈಯಿಂದ ತಟ್ಟೆ ಬಿತ್ತು. ಇದನ್ನು ಈ ಮನೆಯ ತಾಯಿ ತನ್ನ ಜಗಲಿಯಿಂದಲೇ ನೋಡಿದಳು. ಒಳಗೆ ಓಡಿಬಂದು ಮಗಳನ್ನು ಎಳೆದು ತಬ್ಬಿಕೊಂಡು, “ನಾನ್ಯಾರು ಹೇಳು, ನಾನ್ಯಾರು ಹೇಳು” ಎಂದು ಕೇಳಿದಳು. ಮಗಳು ನಕ್ಕಳು. ಇದು ಯಾವುದೋ ಹೊಸ ಆಟ ಎಂದುಕೊಂಡು, “ನೀನು ಅಳಿಲಿನ ಅತ್ತೆ,” ಎಂದಳು. ತಾಯಿಗೆ ಅಳು ಬಂತು.

ಅಂದು ಸಂಜೆ ಗಂಡ ಬಂದ ಕೂಡಲೇ ಅವಳು ಹಗ್ಗ ಎಳೆಯಲು ಹೇಳಿದಳು.

“ಎಲ್ಲಾನೂ ಮೇಲಕ್ಕೆ ಏರಿಸು. ಆ ಮೇಲಿನ ಕುಡಿಕೆ ಇದೆಯಲ್ಲ, ಅದರ ಸಮಕ್ಕೆ. ಒಂದೂ ಕೆಳಗಿರೋದು ಬೇಡ.”

“ಅವಳದ್ದೂ?” ಎಂದ ಗಂಡ. “ಅಳಿಲಿಂದು, ಕುದುರೇದು?”

“ಅದೂ. ಕೈಗೆ ಸಿಕ್ಕರೆ ತಾನೇ ಕಾಟ.”

ಒಲೆಯ ಪಕ್ಕದಿಂದ ಅಜ್ಜಿ ಬಾಯಿ ಹಾಕಿದಳು. “ಬೇಡ ಕಣೇ. ಅವಳದ್ದು ಅವಳಿಗೆ ಸಿಗೋ ಹಾಗಿರ್ಲಿ. ಎತ್ತರ ಅಳಿಸಿಬಿಟ್ರೆ ಯಾವುದು ಏನು ಅಂತ ಮಗೀಗೆ ಹೇಗೆ ಗೊತ್ತಾಗಬೇಕು?”

“ಗೊತ್ತಾಗೋದೇ ಬೇಡ ಬಿಡವ್ವ. ಹಗ್ಗ ಎತ್ತರವಾದ್ರೆ ಅಳತೆಯವರೇನೂ ಅನ್ನಲ್ಲ. ಇಳಿದ್ರೆ ತಾನೇ ತಪ್ಪು?”

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ ಇದೆಲ್ಲ. ಆದರೆ ಆ ಸಂಜೆ ಆ ಮನೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ಗಂಡ ತೊಲೆ ಹತ್ತಿ ಎಲ್ಲ ಹಗ್ಗಗಳನ್ನೂ ಎಳೆದ. ಹಳೆಯ ಗಂಟುಗಳು ಬಿಚ್ಚಿದವು, ಒಂದರ ಜಾಗಕ್ಕೆ ಇನ್ನೊಂದು ಬಂತು. ಅವನು ಕೆಳಗಿಳಿದಾಗ ಕೋಣೆಯ ತುಂಬ ಕುಡಿಕೆಗಳು ಒಂದೇ ಸಾಲಿಗೆ, ಒಂದೇ ಎತ್ತರದಲ್ಲಿ ತೂಗುತ್ತಿದ್ದವು. ಮೇಲಿನ ಒಂಟಿ ಕುಡಿಕೆ ಯಾವುದು ಎಂದು ಈಗ ತಾಯಿಗೂ ಹೇಳಲು ಬರುತ್ತಿರಲಿಲ್ಲ. ಅಂದು ಅವಳು ನೆಮ್ಮದಿಯಾಗಿ ಮಲಗಿದಳು.

ಮಗಳಿಗೆ ಮಾತ್ರ ನೆಮ್ಮದಿ ಹೋಯಿತು. ಅವಳು ಕೋಣೆಗೆ ಹೋಗುತ್ತಿದ್ದಳು, ಕತ್ತೆತ್ತಿ ನೋಡುತ್ತಿದ್ದಳು, ಕೈ ಎತ್ತುತ್ತಿದ್ದಳು. ಏನೂ ಎಟುಕುತ್ತಿರಲಿಲ್ಲ. ಅಳಿಲಿನ ಮದುವೆಯಲ್ಲಿ ಹಪ್ಪಳ ಹಂಚುವ ಒಂದು ಮುದಿ ಅಳಿಲು ಬರುತ್ತಿತ್ತು, ಅದರ ಮೇಲೆ ಅವಳಿಗೆ ಪ್ರಾಣ. ಅದನ್ನು ನೋಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೇಳಿದರೆ ತಾಯಿ ಬೈಯುತ್ತಿದ್ದಳು, ಬೈದು ತಬ್ಬಿಕೊಳ್ಳುತ್ತಿದ್ದಳು, ತಬ್ಬಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಅಳತೆಯ ದಿನ ಬಂತು. ಬೆಳಿಗ್ಗೆ ಬೀದಿಯ ತುದಿಯಲ್ಲಿ ಆ ಧ್ವನಿ ಕೇಳಿತು. ಮಗಳಿಗೆ ಅನ್ನಿಸಿತು: ಅಳತೆಯವಳು ಬಂದು ಹೋದರೆ ಹಗ್ಗಗಳು ಹೀಗೇ ಬಿಗಿದುಹೋಗುತ್ತವೆ, ಇನ್ನೊಂದು ವರ್ಷ ಅಳಿಲು ಇಲ್ಲ. ತಾಯಿ ಬಾಗಿಲು ಸಾರಿಸುತ್ತಿದ್ದಳು. ಅಜ್ಜಿ ಕೋಲು ಹುಡುಕಿಕೊಂಡು ಹಿತ್ತಲಿಗೆ ಹೊರಟಿದ್ದಳು. ಮಗಳು ನೀರೊಲೆಯ ಕೊಪ್ಪರಿಗೆಯನ್ನು ನೆಲುವಿನ ಕೋಣೆಗೆ ಉರುಳಿಸಿಕೊಂಡು ಹೋಗಿ ಬೋರಲು ಹಾಕಿದಳು. ಅದರ ಮೇಲೆ ಮಣೆ ಇಟ್ಟಳು, ಮಣೆಯ ಮೇಲೆ ನಿಂತಳು. ಕೈಯಲ್ಲಿ ಮಾವಿನಕಾಯಿ ಕೀಳುವ ದೋಟಿ ಇತ್ತು. ಅಳಿಲಿನ ಕುಡಿಕೆ ಯಾವತ್ತೂ ಕಿಟಕಿಯ ಪಕ್ಕದಲ್ಲಿರುತ್ತಿತ್ತು. ಅವಳು ಕಿಟಕಿಯ ಪಕ್ಕದ ಕುಡಿಕೆಗೇ ಕೊಕ್ಕೆ ಹಾಕಿದಳು.

ತಾಯಿಗೆ ಮೊದಲು ಕೇಳಿಸಿದ್ದು ಮಣೆ ಬಿದ್ದ ಸದ್ದು. ಅವಳು ಓಡಿಹೋಗಿ ನೋಡಿದರೆ ಮಗಳು ಗೋಡೆಗೆ ಬೆನ್ನು ಒತ್ತಿಕೊಂಡು, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕುಡಿಕೆ ನೆಲದ ಮೇಲೆ ಬಾಯಿ ತೆರೆದು ಕೂತಿತ್ತು. ಅದರಲ್ಲಿ ಹಬೆ ಇರಲಿಲ್ಲ.

“ಏನ್ ನೋಡ್ದೆ? ಮಗಾ, ಏನ್ ನೋಡ್ದೆ?”

“ಪೂರ್ತಿ ನೋಡ್ಲಿಲ್ಲವ್ವ. ಕಣ್ಮುಚ್ಕೊಂಡೆ. ಮುಚ್ಕೊಂಡ್ರೂ ಅವಳು ಹೋಗ್ಲಿಲ್ಲ.”

“ಯಾರು?”

“ನನ್ನಷ್ಟೇ ಇದ್ದಾಳೆ. ಅವಳ ಕಣ್ಣು ಕಟ್ಟಿದ್ದಾರೆ. ‘ಬಿಚ್ಚವ್ವಾ, ಇನ್ನ್ ನೋಡಲ್ಲ, ಬಿಚ್ಚವ್ವಾ’ ಅಂತಾಳೆ. ಗೋಡೆಗೆ ಒತ್ತಿದ್ರೆ ಗೋಡೆ ಒಳಗಿಂದ ಅಂತಾಳೆ.”

ತಾಯಿ ಮಗಳ ಬೆನ್ನು ಮುಟ್ಟಿದಳು. ಬೆನ್ನು ತಣ್ಣಗಿತ್ತು. ಲಂಗ ರವಿಕೆಯ ಮೇಲಿಂದಲೇ ಅಂಗೈಗೆ ಕೊರೆಯುವಷ್ಟು ತಣ್ಣಗಿತ್ತು.

ಬೀದಿಯಲ್ಲಿ ಆ ಧ್ವನಿ ಒಂದು ಮನೆ ಹತ್ತಿರವಾಗಿತ್ತು. “ಮನೇಲಿ ಮಕ್ಕಳಿದ್ದಾರಾ? ಅಳೀಬೇಕು.”

ಆಮೇಲೆ ತಾಯಿ ಮಾಡಿದ್ದೆಲ್ಲ ಹೆದರಿದವರು ಮಾಡುವಂಥದ್ದೇ. ಹಿತ್ತಲ ಬಾಗಿಲಿನಿಂದ ಓಡೋಣವೆಂದರೆ ಹಿತ್ತಲಿನಾಚೆ ಗೂಡುಗಳು, ಗೂಡುಗಳ ಆಚೆ ಅದೇ ಮರೆವಿನ ಮನೆ. ಮಗಳನ್ನು ಕಣಜದಲ್ಲಿ ಅಡಗಿಸೋಣವೆಂದರೆ ಬೀದಿಗೆಲ್ಲ ಗೊತ್ತು, ಈ ಮನೆಯಲ್ಲಿ ಮಗುವಿದೆ ಎಂದು. ಅವಳು ಹಳೆಯ ಸೀರೆಯ ಚೂರನ್ನು ಹೆಂಚಿನ ಮೇಲೆ ಕಾಯಿಸಿ ಮಗಳ ಬೆನ್ನಿಗೆ ಒತ್ತಿದಳು. ತೆಗೆದಾಗ ಬಟ್ಟೆ ತಣ್ಣಗಾಗಿತ್ತು. ಮತ್ತೆ ಕಾಯಿಸಿದಳು, ಮತ್ತೆ ಒತ್ತಿದಳು. ಮಗಳು ಸುಡುತ್ತದೆ ಎಂದೂ ಅನ್ನಲಿಲ್ಲ. ನನ್ನ ಮಗಳು ನನ್ನನ್ನು ತಾಯೀ ಎಂದು ಕರೆದು ನೀರು ಕೇಳುತ್ತಾಳೆ, ಮರ್ಯಾದೆಯಿಂದ ಕೈ ಮುಗಿಯುತ್ತಾಳೆ, ಎಂದುಕೊಳ್ಳುತ್ತಾ ಅವಳು ಬಟ್ಟೆ ಕಾಯಿಸಿದಳು.

“ಬಟ್ಟೆ ಬಿಸಾಕು,” ಎಂದಳು ಅಜ್ಜಿ. ಹಿತ್ತಲಿಗೆ ಹೋಗಿದ್ದವಳು ಮೊಮ್ಮಗಳ ಮಾತು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನೆಲದ ಮೇಲಿನ ಕುಡಿಕೆಯ ಮೇಲಿತ್ತು. “ಅದು ಕಾವಿಗೆ ಹೋಗಲ್ಲ. ಕೊನೇವರೆಗೂ ನೋಡಿದ್ರೇ ಹೋಗೋದು.”

“ಏನಂತೀಯವ್ವ? ಎಟುಕದ್ದನ್ನ ನೋಡಿದ್ದಕ್ಕೇ ಹೀಗಾಗಿರೋದು.”

“ಅರ್ಧಕ್ಕೆ ಬಿಟ್ಟು ಓಡಿದ್ದಕ್ಕೆ ಆಗಿರೋದು. ಎಟುಕಿದ್ದನ್ನ ಮಗು ಒಂಟಿಯಾಗಿ ನೋಡಬಹುದು. ಎಟುಕದ್ದಕ್ಕೆ ತೊಡೆ ಬೇಕು. ದೊಡ್ಡೋರು ತೊಡೆ ಮೇಲೆ ಕೂರಿಸ್ಕೊಂಡು, ಬೆನ್ನಿನ ಮೇಲೆ ಕೈ ಇಟ್ಟು, ಮುಗಿಯೋತನಕ ಏಳಬಾರ್ದು. ಕಟ್ಟಳೆ ಇದ್ದಿದ್ದೇ ಹಾಗೆ. ತೊಡೆ ಕೊಡೋಕೆ ಪುರಸೊತ್ತಿಲ್ದೋರು ಅರ್ಧ ಕಟ್ಟಳೆ ಇಟ್ಕೊಂಡ್ರು.”

“ಇಷ್ಟು ದಿನ ಊರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೇಳಲ್ವಾ, ಗೊತ್ತಿದ್ದೂ ನಿನ್ನ ಮಗಳ ಜೊತೆ ನೀನ್ಯಾಕೆ ಕೂರಲಿಲ್ಲ ಅಂತ.”

“ನನ್ನ ಜೊತೆ? ನಾನೇನು ನೋಡಿದ್ದೆ?”

ಅಜ್ಜಿ ಕೋಲಿನ ತುದಿಯಿಂದ ಕುಡಿಕೆಯನ್ನು ತೋರಿಸಿದಳು. “ಅದ್ರಲ್ಲಿದೆ. ಕೂತ್ಕೊಂಡು ನೋಡು. ಹೊತ್ತಾಗ್ತಿದೆ.”

ಬೀದಿಯ ಧ್ವನಿ ಪಕ್ಕದ ಮನೆಗೆ ಬಂದಿತ್ತು.

ತಾಯಿಗೆ ಕುಡಿಕೆಯನ್ನು ಮುಟ್ಟಲು ಆಗಲಿಲ್ಲ. ಮಗುವಾಗಿದ್ದಾಗಿನಿಂದ ಅವಳು ಹೆದರಿದ್ದು ಅದಕ್ಕೇ. ಅದರ ಕೆಳಗೆ ನಿಲ್ಲದಂತೆ ಇಷ್ಟು ವರ್ಷ ಗೋಡೆ ಬಳಸಿ ನಡೆದಿದ್ದಳು. ಈಗ ಅದರ ಮುಂದೆ ಕಾಲು ಮಡಚಿ ಕೂರಬೇಕಿತ್ತು. ಕೂತಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ತಣ್ಣಗಿನ ಬೆನ್ನಿನ ಮೇಲೆ ಎಡ ಅಂಗೈ ಇಟ್ಟು, ಬಲಗೈಯಿಂದ ಕುಡಿಕೆಯನ್ನು ಎದುರಿಗೆ ಇಟ್ಟುಕೊಂಡಳು.

“ಈಗ ಕಣ್ಣು ಬಿಡು,” ಎಂದಳು ಮಗಳಿಗೆ. “ನಾನೂ ನೋಡ್ತೀನಿ.”

ಮಗಳು ಕಣ್ಣಿನಿಂದ ಕೈ ತೆಗೆದಳು. ಅವಳ ಬೆನ್ನ ಹಿಂದಿನಿಂದ, ತಾಯಿಯ ಎಡ ಅಂಗೈಯ ಅಡಿಯಿಂದ, ಹಬೆ ಎದ್ದು ಕೋಣೆ ತುಂಬಿತು.

ಹಬೆಯಲ್ಲಿದ್ದದ್ದು ಇದೇ ಕೋಣೆ. ಇವೇ ನೆಲುವುಗಳು, ಆದರೆ ಹಗ್ಗ ಹೊಸದು. ನಡುವೆ ಒಬ್ಬ ಹರೆಯದ ಹೆಂಗಸು ನಿಂತಿದ್ದಳು, ಅಜ್ಜಿಯ ಮೂಗು, ಅಜ್ಜಿಯ ನಿಲುವು. ಅವಳ ಸೊಂಟದ ಮೇಲೆ ಒಂದು ಕೂಸು. ಎದುರಿಗೆ, ಮಗಳಷ್ಟೇ ಎತ್ತರದ ಒಂದು ಹುಡುಗಿ. ಹುಡುಗಿಯ ಹಿಂದೆ ಆ ಕಾಲದ ಅಳತೆಯವಳು ನಿಂತು ಬಿಳಿ ಪಟ್ಟಿಯನ್ನು ಅವಳ ಕಣ್ಣಿನ ಮೇಲೆ ಬಿಗಿಯುತ್ತಿದ್ದಳು.

“ಬಿಚ್ಚವ್ವಾ. ಅಪ್ಪ ಸತ್ತಿದ್ದು ಇನ್ನ್ ನೋಡಲ್ಲ. ಇನ್ನ್ ಆ ಕುಡಿಕೆ ಮುಟ್ಟಲ್ಲ. ಬಿಚ್ಚವ್ವಾ.”

ಹರೆಯದ ಹೆಂಗಸು ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು, ಹಿಂದಕ್ಕೆ ತೆಗೆದಳು. ಸೊಂಟದ ಕೂಸು ಹುಡುಗಿಯ ಕಡೆ ಕೈ ಚಾಚಿ ಅಳತೊಡಗಿತು. ಹೆಂಗಸು ಕೂಸಿನ ಮುಖವನ್ನು ತನ್ನ ಹೆಗಲಿಗೆ ಒತ್ತಿ ಹಿಡಿದಳು, ನೋಡದಿರಲಿ ಎಂದು. ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡ ತಾಯಿಗೆ ಆಗ ಆ ಹೆಗಲಿನ ಕತ್ತಲೆ ನೆನಪಾಯಿತು, ಸುಣ್ಣದ ಘಾಟು, ಬೆವರು, ಉಸಿರು ಕಟ್ಟುವುದು. ಇಷ್ಟು ವರ್ಷ ತಾನು ಹೆದರುತ್ತಿದ್ದದ್ದು ಯಾವುದಕ್ಕೆ ಎಂದು ಆ ತನಕ ಅವಳಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಳು.

“ಮುಚ್ಬೇಡವ್ವ,” ಎಂದಳು ಮಗಳು. “ನಾನು ಇಲ್ಲೇ ಓಡಿದ್ದು. ಇನ್ನೂ ಇದೆ.”

ತಾಯಿ ಕಣ್ಣು ಬಿಟ್ಟಳು. ಹಬೆಯಲ್ಲಿ ಹುಡುಗಿಯನ್ನು ಬೀದಿಗುಂಟ ಕರೆದೊಯ್ಯುತ್ತಿದ್ದರು, ಮನೆಮನೆಯ ಬಾಗಿಲುಗಳು ಮುಚ್ಚುತ್ತಿದ್ದವು. ಹರೆಯದ ಹೆಂಗಸು ಕೂಸನ್ನು ನೆಲಕ್ಕೆ ಕುಕ್ಕಿ ಹಿಂದೆ ಓಡಿದಳು. ಮರೆವಿನ ಮನೆಯ ಬಾಗಿಲು ಮುಚ್ಚಿತ್ತು. ಅವಳು ಅದನ್ನು ಬಡಿದಳು. ಬಿಸಿಲಿನಲ್ಲಿ ಬಡಿದಳು, ಗೂಡುಗಳ ಬಿಳಿ ಧೂಳಿನಲ್ಲಿ ಬಡಿದಳು, ಬೇರೆ ಬೇರೆ ಸೀರೆಗಳಲ್ಲಿ ಬಂದು ಬಡಿದಳು. ಅವಳ ತಲೆ ನರೆಯತೊಡಗಿತು. ಆಮೇಲೆ ಒಂದು ದಿನ ಅವಳು ಮನೆಯಲ್ಲೇ ಇದ್ದಳು, ಒಲೆಯ ಪಕ್ಕದಲ್ಲಿ. ಹೊರಗೆ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ಎತ್ತರದ ಹೆಣ್ಣೊಬ್ಬಳು ನಿಂತಿದ್ದಳು, ಕೈಯಲ್ಲಿ ನೀಲಿ ದಾರ, ಸೊಂಟದಲ್ಲಿ ಬಿಳಿ ಪಟ್ಟಿ. ಒಲೆಯ ಪಕ್ಕದವಳು ಎದ್ದಳು, ಎರಡೂ ಕೈ ಚಾಚಿದಳು. ಬಾಗಿಲಲ್ಲಿದ್ದವಳು ಆ ಕೈಗಳನ್ನು ನೋಡಿದಳು, ಏನು ಬೇಕೆಂದು ತಿಳಿಯದವರ ಹಾಗೆ ನೋಡಿದಳು.

“ಮನೇಲಿ ಮಕ್ಕಳಿದ್ದಾರಾ? ಅಳೀಬೇಕು.”

ಅಷ್ಟಕ್ಕೆ ಹಬೆ ಮುಗಿಯಿತು. ಅದು ನಿಧಾನವಾಗಿ ಇಳಿದು ಕುಡಿಕೆ ಸೇರಿತು. ತಾಯಿಯ ಎಡ ಅಂಗೈಯ ಕೆಳಗೆ ಮಗಳ ಬೆನ್ನು ಬೆಚ್ಚಗಾಗುತ್ತಾ ಬಂತು.

“ಮನೇಲಿ ಮಕ್ಕಳಿದ್ದಾರಾ?” ಎಂದಿತು ಬಾಗಿಲಿನಿಂದ ಅದೇ ಧ್ವನಿ. “ಅಳೀಬೇಕು.”

ಬಾಗಿಲಲ್ಲಿ ಅಳತೆಯವಳು ನಿಂತಿದ್ದಳು. ಕೂದಲು ಅರ್ಧ ನರೆತಿತ್ತು. ಅವಳು ಒಳಗೆ ಬಂದಳು. “ಕೈ ಎತ್ತು,” ಎಂದಳು, ಮಗಳು ಎತ್ತಿದಳು. ಹಿಮ್ಮಡಿಯಿಂದ ಬೆರಳ ತುದಿಗೆ ದಾರ ಹಿಡಿದಳು. ಮೇಲಕ್ಕೆ ನೋಡಿ, ಹಗ್ಗಗಳೆಲ್ಲ ಎತ್ತರದಲ್ಲಿರುವುದನ್ನು ಕಂಡು ಒಪ್ಪಿಗೆಯಿಂದ ತಲೆಯಾಡಿಸಿದಳು. ಆಮೇಲೆ ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು.

“ಬೆಚ್ಚಗಿದೆ,” ಎಂದಳು ಅಳತೆಯವಳು. ಹೊರಡಲು ತಿರುಗಿದವಳ ಕಣ್ಣಿಗೆ ನೆಲದ ಮೇಲಿನ ಕುಡಿಕೆ ಬಿತ್ತು. ಅವಳ ಕೈ ಸೊಂಟದ ಪಟ್ಟಿಯ ಮೇಲೆ ಹೋಯಿತು. “ಈ ಕುಡಿಕೆ ಯಾರ ಎತ್ತರದ್ದು?”

ಉತ್ತರ ಕೊಟ್ಟದ್ದು ಅಜ್ಜಿ. ಅಷ್ಟು ವರ್ಷ ಹಿತ್ತಲಿನಲ್ಲಿ ಅಡಗಿ ಕೂತವಳು ಅಂದು ಅಡಗಲಿಲ್ಲ. ಕೋಲೂರಿಕೊಂಡು ಬಂದು ಅಳತೆಯವಳ ಎದುರಿಗೇ ನಿಂತಳು.

“ನಿನ್ನ ಎತ್ತರದ್ದು,” ಎಂದಳು.

“ಅಳತೆಯವರಿಗೆ ಕುಡಿಕೆ ಇರಲ್ಲ.”

“ಅಳೆದು ನೋಡಿದ್ರೆ ತಾನೇ ಗೊತ್ತಾಗೋದು.”

ಅಳತೆಯವಳು ಇದನ್ನು ಯಾವ ಮನೆಯಲ್ಲೂ ಕೇಳಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು, ಪಟ್ಟಿಯನ್ನು ಅರ್ಧ ಎಳೆದಳು. ಪಟ್ಟಿ ಈಗ ಯಾರ ಕಣ್ಣಿಗೆ ಹೋಗುತ್ತದೋ ಎಂದು ತಾಯಿಗೆ ಪ್ರಾಣ ಹಾರಿತು. ಆದರೂ ಅವಳು ಮುಂದೆ ಹೋಗಿ ಅಳತೆಯವಳ ಕೈಯಿಂದ ನೀಲಿ ದಾರವನ್ನು ತೆಗೆದುಕೊಂಡಳು. ದಾರದ ಒಂದು ತುದಿಯನ್ನು ಅವಳ ಹಿಮ್ಮಡಿಯ ಬಳಿ ಹಿಡಿದು, ಬಗ್ಗಿದಲ್ಲಿಂದಲೇ ಹೇಳಿದಳು.

“ಕೈ ಎತ್ತಕ್ಕಾ.”

ಆ ಊರಿನಲ್ಲಿ ಅಳತೆಯವಳಿಗೆ ಆ ಪದವನ್ನು ಯಾರೂ ಹೇಳಿರಲಿಲ್ಲ. ಅವಳಿಗೆ ಅದರ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಆದರೆ ‘ಕೈ ಎತ್ತು’ ಎಂಬುದು ಅವಳೇ ಎಲ್ಲ ಮನೆಗಳಲ್ಲೂ ಹೇಳುತ್ತಿದ್ದ ಮಾತು, ಕೇಳಿದವರು ಎತ್ತಲೇಬೇಕು. ಅವಳ ಕೈ ತಾನಾಗಿ ಮೇಲಕ್ಕೆ ಹೋಯಿತು. ಪಾದ ಪೂರ್ತಿ ನೆಲಕ್ಕೂರಿತ್ತು. ಬೆರಳ ತುದಿ ಕಿಟಕಿಯ ಪಕ್ಕದ ಖಾಲಿ ಬಲೆಯನ್ನು ಮುಟ್ಟಿ, ಅದನ್ನೂ ದಾಟಿತು.

“ಎಟುಕಿತು,” ಎಂದಳು ಮಗಳು.

ಅಳತೆಯವಳು ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿಕೊಂಡಳು. ಎಷ್ಟೋ ಮಕ್ಕಳ ಕಣ್ಣು ಕಟ್ಟಿದ ಕೈ ಅದು. ಅವಳು ಕುಡಿಕೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ತಾಯಿಗೆ ಆ ಮುಖದ ಹೆದರಿಕೆ ಗೊತ್ತಿತ್ತು, ಅದು ತನ್ನದೇ ಮುಖದ ಮೇಲಿದ್ದದ್ದು. ಅಜ್ಜಿ ಗೋಡೆ ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕೂತು, ಕಾಲು ಚಾಚಿ, ತನ್ನ ತೊಡೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಯಾವ ಕೂಸೂ ಕೂರದೆ ಬಹಳ ವರ್ಷವಾದ ತೊಡೆ ಅದು.

ಹೊರಗೆ ಬೀದಿಯಲ್ಲಿ ಮುಂದಿನ ಮನೆಯವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅಳತೆಯವರು ಇನ್ನೂ ಯಾಕೆ ಹೊರಬರಲಿಲ್ಲ ಎಂದು ಯಾರೋ ಕೇಳಿದರು. ಆ ಮನೆಯ ಮಗು ಸಿಕ್ಕಿಬಿದ್ದಿರಬೇಕು ಎಂದು ಇನ್ನೊಬ್ಬರು ದನಿ ತಗ್ಗಿಸಿ ಹೇಳಿದರು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು.

ಮಗಳು ಅಳತೆಯವಳ ಸೆರಗು ಹಿಡಿದು ಎಳೆದಳು.

“ಕೂತ್ಕೋ ದೊಡ್ಡವ್ವ. ಹೆದರಿಕೆ ಆಗುತ್ತೆ, ನಂಗೂ ಆಯ್ತು. ಅರ್ಧಕ್ಕೆ ಎದ್ದು ಹೋಗ್ಬಾರ್ದು ಅಷ್ಟೇ.”

ಅಳತೆಯವಳು ಅಜ್ಜಿಯ ತೊಡೆಗೆ ತಾಗಿ ಕೂತಳು. ತಾಯಿ ಕುಡಿಕೆಯನ್ನು ತಂದು ಎದುರಿಗೆ ಇಟ್ಟಳು. ಮಗಳು ಹಿಂದೆ ಹೋಗಿ ನಿಂತು, ತನಗೆ ಮಾಡಿದ ಹಾಗೆಯೇ, ಆ ದೊಡ್ಡ ಬೆನ್ನಿನ ಮೇಲೆ ತನ್ನ ಎಡ ಅಂಗೈ ಇಟ್ಟಳು. ಬೆನ್ನು ಬಾವಿಯ ಒಳಗಿನ ಕಲ್ಲಿನಷ್ಟು ತಣ್ಣಗಿತ್ತು. ಮಗಳು ಕೈ ತೆಗೆಯಲಿಲ್ಲ.